ಬೀಗ ಬಿದ್ದ ಸ್ವರ

ಜೋಗೇಶ್ವರಿಯಲ್ಲಿ ಶಿವಕುಮಾರಿಯ ಅಂಗಡಿಗೆ ಹೋಗಿ ಯಾರಾದರೂ 'ಫಾರ್ಮ್ಯಾಟ್' ಎಂದರೆ ಬೈಸಿಕೊಳ್ಳುವುದು ಖಚಿತ. ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದಕ್ಕೆ ಹಾಗೆನ್ನುತ್ತಾರೆ. ಬೇರೆ ಅಂಗಡಿಗಳಲ್ಲಿ ಎಲ್ಲ ರೋಗಕ್ಕೂ ಅದೇ ಮದ್ದು. ಇವಳ ಮಟ್ಟಿಗೆ ಅದು ಬೈಗುಳ. "ಮಂದಿ ಮನ್ಯಾನ ಸಾಮಾನೆಲ್ಲ ಬೀದಿಗಿ ಚೆಲ್ಲಿ, ಕಸ ಹೊಡದೆ ಅಂತಾವ. ನಾಚಿಕಿ ಇಲ್ಲದವು!" ಎನ್ನುತ್ತಾಳೆ.

ಅವಳ ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ನಡುವೆ ಇರುವುದು ಪ್ಲೈವುಡ್ಡಿನ ಗೋಡೆ. ಅದು ಗೋಡೆ ಎಂದು ನಾವಿಬ್ಬರೂ ನಂಬಿಕೊಂಡಿದ್ದೇವೆ, ಅಷ್ಟೇ. ಆಚೆಯಿಂದ "ಏಳವ್ವಾ, ಎಷ್ಟ್ ಮಲಗ್ತಿ? ಕಣ್ಣ ತಗಿ" ಎಂಬ ಮಾತು ಕೇಳಿದಾಗ ಒಳಗೆ ಯಾರೋ ಮೈ ಹುಷಾರಿಲ್ಲದ ಹುಡುಗಿ ಇದ್ದಾಳೆ ಎಂದುಕೊಂಡಿದ್ದೆ. ಇಣುಕಿದರೆ ಹೊಟ್ಟೆ ಬಿಚ್ಚಿಕೊಂಡು ಕೂತ ಒಂದು ಸಿಪಿಯು.

ಯಾದಗಿರಿ ಕಡೆಯಿಂದ ಈ ಮರಾಠಿ ಮಹಾನಗರಕ್ಕೆ ಬಿಲ್ಡಿಂಗ್ ಕೆಲಸಕ್ಕೆಂದು ಬಂದ ಬಂಡೆಪ್ಪ, ಗಂಗುಬಾಯಿಯರ ಮಗಳು ಅವಳು. ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಗುಜರಿ ಗೋದಾಮಿನಲ್ಲಿ ಕೂತು ಕಂಪ್ಯೂಟರ್ ಬೋರ್ಡುಗಳಿಂದ ತಾಮ್ರ ಬೇರೆ ಮಾಡುತ್ತಿದ್ದಳು. ಜೊತೆಯವರು ಕಿತ್ತು ಚೀಲಕ್ಕೆ ಹಾಕುತ್ತಿದ್ದರು, ಇವಳು ಕಿತ್ತದ್ದನ್ನು ಹಿಡಿದು "ಇದು ಏನ್ ಮಾಡ್ತದ?" ಎಂದು ಕಂಡಕಂಡವರ ಪ್ರಾಣ ತಿನ್ನುತ್ತಿದ್ದಳಂತೆ. ಹಾಗೆ ಕಲಿತಳು. ವಿನಯ ಮಾತ್ರ ಕಲಿಯಲಿಲ್ಲ. ಇಡೀ ಜೋಗೇಶ್ವರಿಯಲ್ಲಿ ತನ್ನಂಥವಳು ಇನ್ನೊಬ್ಬಳಿಲ್ಲ ಎಂದು ತಾನೇ ಹೇಳಿ ನಮಗೆಲ್ಲ ಶ್ರಮ ಉಳಿಸುತ್ತಾಳೆ.

ಇನ್ನೊಂದು ಚಾಳಿಯೂ ಇದೆ. ಸ್ಕ್ರೂ ಬಿಚ್ಚುವ ಮೊದಲು ಗಿರಾಕಿಯ ವಿಚಾರಣೆ ನಡೆಯುತ್ತದೆ. ಈ ಮಷೀನ್ ಮುಂದೆ ಕೂರುವವರು ಯಾರು, ಯಾವ ಊರು, ಮನೆಯಲ್ಲಿ ಯಾರ್ಯಾರಿದ್ದಾರೆ, ಸಿಟ್ಟು ಜಾಸ್ತಿಯೋ ಕಡಿಮೆಯೋ. ಇದು ಬರೀ ಹರಟೆಯ ಚಟ ಎಂದು ನಾನು ಮುಖಕ್ಕೇ ಹೇಳಿದ್ದೆ. "ನೀವು ಕಾಗದದ ಮಂದಿ, ದಾನಪ್ಪಣ್ಣ. ನಿಮಗ ತಿಳಿಯಂಗಿಲ್ಲ" ಎಂದಿದ್ದಳು.

ಮಳೆಗಾಲದ ಒಂದು ಮಧ್ಯಾಹ್ನ ರಿಕ್ಷಾದಿಂದ ಒಬ್ಬ ಹೆಂಗಸು ಇಳಿದರು. ಹಳೆಯ ಸೀರೆಯಲ್ಲಿ ಸುತ್ತಿದ ಸಿಪಿಯು ಕೂಸಿನ ಹಾಗೆ ತೊಡೆಯ ಮೇಲಿತ್ತು. ಹೆಸರು ಚಂಪಾ, ಮನೆ ಗೋರೆಗಾಂವ್. ಗಂಡ ಕಾಂತಪ್ಪ ಅಲ್ಲಿಯ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಅವರಿಗೆ ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಮೊದಲು ಕಾಂತಪ್ಪ ಒಪ್ಪಲಿಲ್ಲ. ಆಗ ಯಾರೋ ಒಂದು ಪ್ರೋಗ್ರಾಮಿನ ವಿಷಯ ಹೇಳಿದರು. ಮುಂಚೆಯೇ ಕೂತು ಗಟ್ಟಿಯಾಗಿ ಓದಿ ಅದಕ್ಕೆ ಸ್ವರ ಕೊಟ್ಟಿಟ್ಟರೆ, ಆಮೇಲೆ ಏನು ಟೈಪ್ ಮಾಡಿದರೂ ಅದು ಅವರದೇ ಸ್ವರದಲ್ಲಿ ಮಾತಾಡುತ್ತದಂತೆ. ಅವರು ವಾರಗಟ್ಟಲೆ ಕೂತು ಓದಿದರು. ಓದಿ ಮುಗಿಸಿ ಆಸ್ಪತ್ರೆಗೆ ಹೋದರು. ಆಪರೇಶನ್ ಆಯಿತು.

ಅವರು ಆಸ್ಪತ್ರೆಯಲ್ಲಿದ್ದಾಗ ಬಿಲ್ಡಿಂಗಿನಲ್ಲಿ ಕರೆಂಟು ಹೋಗಿ ಝಟ್ಟನೆ ಬಂತು. ಕಂಪ್ಯೂಟರಿನಿಂದ ಹೊಗೆ ಎದ್ದಿತು. ಗೋರೆಗಾಂವಿನ ಅಂಗಡಿಯವನು ಮದರ್‌ಬೋರ್ಡ್ ಸುಟ್ಟಿದೆ, ಬದಲಾಯಿಸಿ ಫಾರ್ಮ್ಯಾಟ್ ಮಾಡುತ್ತೇನೆ ಎಂದನಂತೆ.

"ಕಾಪಿ ಇಟ್ಟಿಲ್ಲೇನ್ರಿ ಅಕ್ಕಾರ?" ಎಂದಳು ಶಿವಕುಮಾರಿ.

"ಎಲ್ಲಿಯ ಕಾಪಿ ಮಾರಾಯ್ತಿ! ನನ್ನ ಸ್ವರ ಊರವರ ಬಾಯಿಗೆ ಹೋಗುದು ಬೇಡ ಅಂತ ಅವರದ್ದು ಹಟ. ಆದಿತ್ಯವಾರ ಮನೆಗೆ ಬರ್ತಾರೆ. ಅವರಿಗೆ ಇದು ಗೊತ್ತಾಗುದು ಬೇಡ. ಇದನ್ನೇ ನಂಬಿ ಗಂಟಲು ಕೊಟ್ಟದ್ದು ಅವರು."

ಪ್ಲೈವುಡ್ಡಿನ ಈಚೆ ನನಗೆ ಎಲ್ಲ ಕೇಳಿಸುತ್ತಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದು ನಾನೂ ಅಲ್ಲಿಗೆ ಹೋದೆ.

ಶಿವಕುಮಾರಿ ಡಿಸ್ಕನ್ನು ಬೆರಳಲ್ಲಿ ತಟ್ಟಿ, ಇದಕ್ಕೇನೂ ಆಗಿಲ್ಲ, ಸ್ವರ ಇದ್ದರೆ ಇದರೊಳಗೇ ಇರುತ್ತದೆ ಎಂದಳು. ಮರುದಿನ ಚಂಪಾ ಮತ್ತೆ ಬರುವಷ್ಟರಲ್ಲಿ ಎಲ್ಲಿಂದಲೋ ಬೇರೆ ಬೋರ್ಡ್ ತಂದು ಕೂರಿಸಿದಳು. ಸ್ವಿಚ್ ಒತ್ತಿದರೆ ಕಪ್ಪು ಪರದೆ, ಡಿಸ್ಕೇ ಇಲ್ಲವೆಂಬ ಸಾಲು. ಚಂಪಾ ಅವರ ಮುಖ ಸುಣ್ಣವಾಯಿತು. "ಅಂಜಬ್ಯಾಡ್ರಿ. ಡಿಸ್ಕಿನ ರೀತಿ ಹಳೇದು, ಬೋರ್ಡ್ ಹೊಸಾ ರೀತಿಲೆ ಹುಡುಕ್ಲಾಕತ್ತದ" ಎಂದು ಏನೋ ಒಂದು ಸೆಟ್ಟಿಂಗ್ ಬದಲಿಸಿದಳು. ಪರದೆಯ ಮೇಲೆ ಚುಕ್ಕೆಗಳು ತಿರುಗತೊಡಗಿದವು.

ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಕೆಳಗಿನ ಬೋರ್ಡ್ ಬೇರೆ, ಆದರೂ ಆ ವಿಂಡೋಸ್ ಹೊಸ ಮನೆಯ ಅಡುಗೆಮನೆಯಲ್ಲಿ ಡಬ್ಬಿ ತಡಕುವ ಸೊಸೆಯ ಹಾಗೆ ಒಂದೊಂದೇ ಭಾಗವನ್ನು ಹುಡುಕಿ ಗುರುತು ಮಾಡಿಕೊಳ್ಳುತ್ತಿತ್ತು. ಇಂಥದ್ದನ್ನು ನೋಡಿ ಕೈಮುಗಿಯಬೇಕು ಅನ್ನಿಸಿದ್ದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕೊನೆಗೆ ಕಾಂತಪ್ಪನವರ ಹೆಸರು ಪರದೆಯ ಮೇಲೆ ಬಂತು.

ಚಂಪಾ ಪಿನ್ ಒತ್ತಿದರು. ನಡೆಯಲಿಲ್ಲ. ಆ ಪಿನ್ನಿನ ಗುರುತು ಸುಟ್ಟ ಬೋರ್ಡಿನಲ್ಲಿತ್ತು, ಈಗ ಹಳೆಯ ಪಾಸ್‌ವರ್ಡೇ ಬೇಕು ಎಂದಳು ಶಿವಕುಮಾರಿ. ಅದು ಚಂಪಾ ಅವರಿಗೆ ಗೊತ್ತಿಲ್ಲ. ಸುಮ್ಮನೆ ಏನೋ ಹಾಕಿದಾಗ ಕೆಳಗೆ ಕಾಂತಪ್ಪ ಬರೆದಿಟ್ಟ ಸುಳಿವು ಕಾಣಿಸಿತು. ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದ: ಅಮ್ಮೆ.

"ಅಮ್ಮ ಅಂತ ಬರೀಲಿಕ್ಕೂ ತಪ್ಪು ಮಾಡ್ತಾರೆ ಇವರು" ಎಂದು ಚಂಪಾ ಅತ್ತೆಯ ಹೆಸರು ಗುಲಾಬಿ ಎಂದು ಹೊಡೆದರು. ಇಲ್ಲ. ದೊಡ್ಡಕ್ಷರ, ಸಣ್ಣಕ್ಷರ, ಎಲ್ಲ ಆಯಿತು. ಇಲ್ಲ.

"ಈ ಬೀಗ ಮುರಿಯಾಕ ಬರಂಗಿಲ್ಲೇನು?" ಎಂದೆ.

"ಮುರಿಯೂದು ಯಾವ ದೊಡ್ಡ ಮಾತು? ಆದ್ರ ಅವರು ಸ್ವರದ ಫೈಲಿಗೂ ಬೀಗ ಹಾಕ್ಯಾರ, ಅದರ ಕೀಲಿನೂ ಇದೇ ಅದ. ಮುರದ್ರ ಬಾಗಿಲಾ ತಗೀತದ, ಒಳಗಿನ ಸ್ವರ ಹೋಗ್ತದ." ಅವಳ ಮಾತಿನಲ್ಲಿ ಎಂದಿನ ಜಂಬ ಇರಲಿಲ್ಲ. ಆಸ್ಪತ್ರೆಗೆ ಹೋಗಿ ಅವರನ್ನೇ ಕೇಳಿಬಿಡಿ ಎಂದೆ. ಕೇಳಿದ ಕೂಡಲೇ ಅವರಿಗೆ ಎಲ್ಲ ತಿಳಿಯುತ್ತದೆ, ಆ ಮುಖ ನೋಡಲು ತನ್ನಿಂದಾಗದು ಎಂದು ಚಂಪಾ ಅತ್ತುಬಿಟ್ಟರು.

ಶಿವಕುಮಾರಿ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ ಚಹಾ ತರಿಸಿದಳು. ಅವಳ ವಿಚಾರಣೆ ಶುರುವಾಯಿತು. ಇಂಥ ಹೊತ್ತಲ್ಲೂ ಹರಟೆಯೇ ಎಂದು ನನಗೆ ಸಿಟ್ಟು ಬಂತು.

"ಅಕ್ಕಾರ, ನಿಮ್ಮ ಯಜಮಾನ್ರು ಅವರ ಅವ್ವಗ ಏನಂತ ಕರೀತಿದ್ರು?"

"ಅಪ್ಪೆ ಅಂತ."

"ಅವ್ವಗ ಅಪ್ಪಾ ಅಂತಿದ್ರಾ? ಯವ್ವಾ!"

"ಅಪ್ಪ ಅಲ್ಲ ಮಾರಾಯ್ತಿ, ಅಪ್ಪೆ. ನಾವು ಕುಂದಾಪುರದವರು, ಕನ್ನಡ. ಅವರದ್ದು ತುಳು. ನನ್ನ ಹತ್ರ ತುಳು ಮಾತಾಡುದಿಲ್ಲ, ಊರಿಗೆ ಫೋನ್ ಮಾಡುವಾಗ ಮಾತ್ರ. ತುಳುವಲ್ಲಿ ಅಮ್ಮನಿಗೆ ಅಪ್ಪೆ ಹೇಳುದು."

"ಹಂಗಾರ ಅಪ್ಪಗ?"

ಚಂಪಾ ಅವರ ಕೈಯ ಗ್ಲಾಸು ಓರೆಯಾಗಿ ಚಹಾ ಸೀರೆಗೆ ಚೆಲ್ಲಿತು.

"ಅಮ್ಮೆ" ಎಂದರು. "ಅಯ್ಯೋ ದೇವರೇ, ಅಪ್ಪನಿಗೆ ಅಮ್ಮೆ!"

ಮಾವನ ಹೆಸರು ಐತಪ್ಪ. ಶಿವಕುಮಾರಿ ಒಂದೊಂದೇ ಅಕ್ಷರ ಒತ್ತಿದಳು. ಮತ್ತೆ ಇಲ್ಲ. ಚಂಪಾ ಬಗ್ಗಿ ನೋಡಿ, "ಟಿ ಆದ ಮೇಲೆ ಎಚ್ ಎಲ್ಲಿ ಉಂಟು? ನಮ್ಮ ಬದಿಯಲ್ಲಿ ಎಚ್ ಹಾಕದೆ ಬರೀಲಿಕ್ಕಿಲ್ಲ" ಎಂದರು. ಎಚ್ ಸೇರಿತು. ಬಾಗಿಲು ತೆರೆಯಿತು.

ಶಿವಕುಮಾರಿ ಕೂಗಿದ ಕೂಗಿಗೆ ಎದುರಿನ ಲೇತ್ ಅಂಗಡಿಯವರು ಓಡಿ ಬಂದರು. "ಎಂಥಾ ಭಾಷಾರಿ ನಿಮ್ಮದು, ಅವ್ವ ಅಪ್ಪನ್ನ ಅದಲಿ ಬದಲಿ ಮಾಡೀರಿ!" ಎಂದು ನಕ್ಕಳು. ಒಬ್ಬ ಮನುಷ್ಯನ ಗಂಟಲಿನ ಬೀಗದ ಕೀಲಿ ಅವನ ಹುಟ್ಟಿದ ಮನೆಯ ಒಂದು ಪದದಲ್ಲಿತ್ತು. ಅದನ್ನು ತೆಗೆಸಿದವಳು ತುಳುವಿನ ಗಂಧವೇ ಇಲ್ಲದ ಯಾದಗಿರಿಯ ಹೆಣ್ಣುಮಗಳು. ಹರಟೆಯ ಚಟ ಎಂಬ ಮಾತನ್ನು ನಾನು ಮತ್ತೆ ಎತ್ತಿಲ್ಲ.

ಸ್ವರದ ಪ್ರೋಗ್ರಾಮ್ ತೆರೆದುಕೊಂಡಿತು. ಏನಾದರೂ ಟೈಪ್ ಮಾಡಿ ಕೇಳೋಣ ಎಂದಳು ಶಿವಕುಮಾರಿ. ಚಂಪಾ ಅವಳ ಕೈ ಹಿಡಿದರು. "ಬೇಡ. ಅದು ಅವರ ಬಾಯಿ. ಮೊದಲು ಅವರೇ ಮಾತಾಡ್ಲಿ." ಹಾಗಾಗಿ ಒಳಗೆ ಸ್ವರ ಉಳಿದಿದೆಯೋ ಇಲ್ಲವೋ ಎಂದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಶಿವಕುಮಾರಿ ಹಳೆಯ ಪಿನ್ನನ್ನೇ ಹೊಸ ಬೋರ್ಡಿಗೂ ಕೂರಿಸಿ, ಮಷೀನನ್ನು ಒರೆಸಿ ಕೊಟ್ಟಳು.

ಭಾನುವಾರ ನಾವಿಬ್ಬರೂ ವೈರು ನೋಡಲು ಬಂದವರೆಂಬ ನೆಪದಲ್ಲಿ ಗೋರೆಗಾಂವಿನ ಮನೆಯಲ್ಲಿದ್ದೆವು. ಕತ್ತಿಗೆ ಬಟ್ಟೆ ಸುತ್ತಿಕೊಂಡ ಕಾಂತಪ್ಪ ಬಂದರು. ಇಳಿದುಹೋಗಿದ್ದರು. ನಮಗೆ ಕೈಮುಗಿದು ನೇರ ಕಂಪ್ಯೂಟರಿನ ಮುಂದೆ ಕೂತರು. ಅಲ್ಲಿ ನಿಲ್ಲಲಾರದೆ ಚಂಪಾ ಅಡುಗೆಮನೆಗೆ ಹೋದರು. ಶಿವಕುಮಾರಿ ನನ್ನ ತೋಳನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ನೋಯುತ್ತಿತ್ತು. ಅವರು ಒಂದೇ ಬೆರಳಲ್ಲಿ ನಿಧಾನ ಟೈಪ್ ಮಾಡಿ ಗುಂಡಿ ಒತ್ತಿದರು.

"ಏ ಇವಳೇ, ಬಂದವರಿಗೆ ಚಾ ಕೊಟ್ಟದ್ದುಂಟಾ?"

ಹೋಟೆಲಿನ ಗದ್ದಲದ ಮೇಲೆ ಕೂಗಿ ಕೂಗಿ ಒರಟಾದ, ತುದಿಯಲ್ಲಿ ಸ್ವಲ್ಪ ಎಳೆಯುವ ಗಂಡಸಿನ ಸ್ವರ.

ಒಳಗಿನಿಂದ ಚಂಪಾ ಅಷ್ಟೇ ಜೋರಾಗಿ, "ಇಟ್ಟಿದ್ದೇನೆ ಮಾರಾಯ್ರೆ! ಕುದಿಯುದು ಬೇಡವಾ? ನಿಮ್ಮದೊಂದು ಅರ್ಜೆಂಟು!" ಎಂದರು.

ಆಮೇಲೆ ಅಡುಗೆಮನೆಯಲ್ಲಿ ಚಮಚದ ಸದ್ದು ನಿಂತಿತು. ಕಾಂತಪ್ಪ ಅತ್ತ ತಿರುಗಿದರು. ಅವರ ಭುಜ ಅಲುಗುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು, ನಗುತ್ತಿದ್ದರು. ಶಿವಕುಮಾರಿ ನನ್ನ ತೋಳು ಬಿಟ್ಟಳು. ಒಳಗೆ ಚಹಾ ಉಕ್ಕಿ ಸುಟ್ಟ ವಾಸನೆ ಬಂತು. ಯಾರೂ ಒಲೆ ಆರಿಸಲಿಲ್ಲ.