ಹೆಸ್ಕೆತ್ ವಕೀಲರ ಕಾರಣಪತ್ರಗಳು

ಹೆಸ್ಕೆತ್ ಲರಾಂಡ್ ಅವರು ವಕೀಲಿಕೆ ಶುರುಮಾಡಿ ಮೂವತ್ತು ವರ್ಷವಾಯಿತಂತೆ. ವಕೀಲರ ಸಂಘದವರು ಸ್ಮರಣ ಸಂಚಿಕೆ ತರುತ್ತಾರಂತೆ. ಅಲ್ಲಿಂದ ಒಬ್ಬಳು ಹುಡುಗಿ ನನ್ನ ಮನೆಗೆ ಬಂದು, "ಮಿಸ್ ಫೀಮಾ, ಇಪ್ಪತ್ತಾರು ವರ್ಷ ಅವರ ಆಫೀಸಲ್ಲಿ ಟೈಪ್ ಮಾಡಿದೀರಿ. ನಿಮಗಿಂತ ಚೆನ್ನಾಗಿ ಅವರನ್ನ ಯಾರು ಬಲ್ಲರು? ಎರಡು ಪುಟ ಬರ್ಕೊಡಿ, ನಾಲ್ಕು ಒಳ್ಳೇ ಮಾತಿರಲಿ," ಅಂದಳು. ಆಗಲಿ ಎಂದೆ. ಬರೆಯಲು ಕೂತರೆ ಬಂದದ್ದು ಇದು. ಇದನ್ನು ಅವರು ಅಚ್ಚು ಹಾಕುವುದಿಲ್ಲ, ನನಗೆ ಗೊತ್ತು. ಹಾಕದಿದ್ದರೆ ಬಿಡಲಿ.

ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುತ್ತಾ ಹೋದರೆ ನಿಮಗೆ ಹಾಗನ್ನಿಸುವುದು ಕಷ್ಟ. ನಾನು ಸೇರಿದಾಗ ಅವರದು ಮೀನು ಮಾರುಕಟ್ಟೆಯ ಹಿಂದೆ, ಮರದ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದೇ ಕೋಣೆಯ ಆಫೀಸು. ಕೇಸುಗಳೆಂದರೆ ಬೇಲಿ ಜಗಳ, ಉಯಿಲು, ಯಾರದೋ ಮೇಕೆ ಯಾರದೋ ಬಾಳೆ ತಿಂದದ್ದು. ಫೀಸಿನ ಬದಲು ಗೆಣಸು ತಂದುಕೊಟ್ಟವರ ಮೇಲೆ ನಾನು ಹಾರಾಡಿದರೆ, "ಇರ್ಲಿ ಬಿಡಿ ಮಿಸ್ ಫೀಮಾ, ಗೆಣಸೂ ಹೊಟ್ಟೆಗೇ ತಾನೇ ಹೋಗೋದು," ಎಂದು ನಗುತ್ತಿದ್ದರು. ಆ ನಗು ಕಂಡೇ ನಾನು ಅಲ್ಲಿ ಉಳಿದೆ.

ಆಮೇಲೆ ಪಾಸ್‌ಪೋರ್ಟ್ ವ್ಯಾಪಾರ ಬಂತು. ನಮ್ಮ ದ್ವೀಪದಲ್ಲಿ ಅದನ್ನು ಯಾರೂ ವ್ಯಾಪಾರ ಅನ್ನುವುದಿಲ್ಲ, "ಪ್ರೋಗ್ರಾಮ್" ಅನ್ನುತ್ತಾರೆ. ಎಲ್ಲೋ ದೂರದ ದೇಶದ ದುಡ್ಡಿರುವವನು ನಮ್ಮ ಸರ್ಕಾರಕ್ಕೆ ಇಷ್ಟು ಅಂತ ಕಟ್ಟಿದರೆ, ಇಲ್ಲಿಗೆ ಕಾಲಿಡದೆಯೇ ನಮ್ಮ ದೇಶದವನಾಗುತ್ತಾನೆ. ಅವನ ಫೈಲು ಇಲ್ಲಿನ ವಕೀಲರ ಮೂಲಕವೇ ಹೋಗಬೇಕು. ಹೆಸ್ಕೆತ್ ವಕೀಲರು ಲೈಸೆನ್ಸ್ ತೆಗೆದುಕೊಂಡರು. ಎರಡು ವರ್ಷದಲ್ಲಿ ನಾವು ಬಂದರಿನ ಎದುರಿನ ಗಾಜಿನ ಕಟ್ಟಡಕ್ಕೆ ಹೋದೆವು. ನನಗೆ ತಿರುಗುವ ಕುರ್ಚಿ ಬಂತು. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು.

ಆ ಫೈಲಿನಲ್ಲಿ ಒಂದು ಕಾಗದ ಇರಬೇಕು. ನಾವು ಅದನ್ನು ಕಾರಣಪತ್ರ ಅನ್ನುತ್ತಿದ್ದೆವು. ಈ ದೇಶದ ಪ್ರಜೆಯಾಗಲು ಯಾಕೆ ಬಯಸುತ್ತೀರಿ ಎಂದು ಅರ್ಜಿದಾರ ತನ್ನ ಮಾತಿನಲ್ಲೇ ಬರೆಯಬೇಕು. ನಮ್ಮ ಮೊದಲ ಗಿರಾಕಿ, ಹೆಂಚು ಕಾರ್ಖಾನೆಯವನು, ಒಂದೇ ಸಾಲು ಬರೆದು ಕಳಿಸಿದ್ದ: ವೀಸಾ ಕಾಟ ತಪ್ಪಲಿ ಅಂತ. ಪೌರತ್ವದ ಕಚೇರಿಯವರು, ಕಾರಣ ಸಾಲದು ಎಂದು ವಾಪಸು ಕಳಿಸಿದರು. ವಕೀಲರು ತಲೆ ಕೆಡಿಸಿಕೊಂಡು ಕೂತಿದ್ದಾಗಲೇ ಯೊಲೆತ್ ವಡೆಯ ತಟ್ಟೆ ಹಿಡಿದು ಒಳಗೆ ಬಂದಳು.

ಯೊಲೆತ್ ಹೈಟಿಯವಳು. ದೋಣಿಯಲ್ಲಿ ಬಂದು ಇಲ್ಲೇ ನಿಂತವಳು. ಮೊದಲು ನಮ್ಮ ಹಳೇ ಆಫೀಸಿನ ಮೆಟ್ಟಿಲ ಕೆಳಗೆ, ಆಮೇಲೆ ಗಾಜಿನ ಕಟ್ಟಡದ ಕೆಳಗೆ ಒಲೆಯಿಟ್ಟು ಉಪ್ಪುಮೀನಿನ ವಡೆ ಕರಿಯುತ್ತಿದ್ದಳು. "ಏ ಹೈಟಿ, ಎಣ್ಣೆ ಯಾವ ವರ್ಷದ್ದೇ?" ಎಂದು ಟ್ಯಾಕ್ಸಿಯವರು ಕೆಣಕಿದರೆ, "ನಿನ್ನ ಬಾಯಿ ಯಾವ ವರ್ಷ ತೊಳ್ದಿದ್ದು ಹೇಳು, ಆಮೇಲೆ ನನ್ನ ಎಣ್ಣೆ ವಿಚಾರ ಕೇಳು," ಎಂದು ಉತ್ತರ ಕೊಟ್ಟೇ ಕೊಡುತ್ತಿದ್ದಳು. ಓದು ಬರಹ ಬಾರದು. ಏಳು ವರ್ಷದ ಮಗಳು ನೈಕಾಳನ್ನು ಊರಿನಲ್ಲಿ ತಂಗಿಯ ಬಳಿ ಬಿಟ್ಟು ಬಂದಿದ್ದಳು. ತಂಗಿ ಆ ಮಗುವನ್ನು ಕರೆದುಕೊಂಡು ಫ್ರೆಂಚರ ಕೈಲಿರುವ ಪಕ್ಕದ ಗ್ವಾದೆಲೂಪ್ ದ್ವೀಪಕ್ಕೆ ಹೋಗಿ ಸೇರಿದಳು. ಆಕಾಶ ತಿಳಿಯಾಗಿದ್ದ ದಿನ ನಮ್ಮ ಉತ್ತರದ ಗುಡ್ಡದಿಂದ ಆ ದ್ವೀಪ ಬರಿಗಣ್ಣಿಗೇ ಕಾಣುತ್ತದೆ. ನಮ್ಮ ಪಾಸ್‌ಪೋರ್ಟ್ ಇದ್ದವರು ಟಿಕೆಟ್ ತೆಗೆದು ಹಡಗು ಹತ್ತಿದರಾಯಿತು. ಹೈಟಿಯ ಪಾಸ್‌ಪೋರ್ಟಿಗೆ ವೀಸಾ ಬೇಕು. ಯೊಲೆತ್‌ಗೆ ಅಲ್ಲಿನವರು ಮೂರು ಸಲ ಇಲ್ಲ ಅಂದಿದ್ದರು. ಅಂತೂ ಒಟ್ಟು ಹತ್ತೊಂಬತ್ತು ವರ್ಷ ಅವಳು ಮಗಳನ್ನು ಮುಟ್ಟಿ ನೋಡಲಿಲ್ಲ.

ಆ ದಿನ ವಕೀಲರು ಸುಮ್ಮನೆ ತಮಾಷೆಗೆ ಕೇಳಿದರು. "ಯೊಲೆತ್, ನೀನು ಯಾಕೆ ಇಲ್ಲೇ ಇದೀಯ? ಏನಿದೆ ಅಂತ ಈ ಊರಲ್ಲಿ?"

ಅವಳು ತಟ್ಟೆ ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಏನಿದೆ ಅಂತ ಕೇಳ್ತೀಯಲ್ಲ ವಕೀಲಪ್ಪ! ನಾನು ದೋಣಿ ಇಳಿದಾಗ ಮಳೆ. ಗುರುತು ಪರಿಚಯ ಇಲ್ದಿರೋ ಹೆಂಗಸು ತನ್ನ ತಲೆವಸ್ತ್ರ ಬಿಚ್ಚಿ ನನ್ನ ತಲೆಗೆ ಹಾಕಿದ್ಲು. ಹೆಸರು ಕೇಳ್ಲಿಲ್ಲ, ಊಟ ಆಯ್ತಾ ಅಂದ್ಲು. ಹೆಸರಿಗಿಂತ ಮುಂಚೆ ಊಟ ಕೇಳೋ ಊರು ಇದು. ಬಿರುಗಾಳಿ ಬಂದಾಗ ಎಲ್ಲರ ಮನೆ ಮೇಲಿನ ಮಾಡೂ ಹಾರಿಹೋಗಿತ್ತು. ಗಂಡು ದಿಕ್ಕಿಲ್ಲ ಇವಳಿಗೆ ಅಂತ ನನ್ನ ಮಾಡು ಮೊದಲು ಕಟ್ಟಿಕೊಟ್ರು." ಆಮೇಲೆ ದನಿ ಇಳಿಸಿ, "ಆ ವಾರವೇ ನನ್ನ ಕೂಸು ಹೋಯ್ತು. ಮೂರು ವಾರದ್ದು. ಆಸ್ಪತ್ರೇಲಿ ಹೆತ್ತಿದ್ದೂ ಅಲ್ಲ, ಮನೇಲೇ. ನೆರೆಯವ್ರೇ ಗುಡ್ಡದ ಮೇಲೆ ಮಣ್ಣು ಮಾಡಿದ್ರು. ತಲೆ ಸಮುದ್ರದ ಕಡೆಗೆ ಇಟ್ರು, ಅಮ್ಮ ಬಂದ ದಾರಿ ಅದಕ್ಕೆ ತಿಳೀಲಿ ಅಂತ. ಕೂಸು ಇರೋ ಮಣ್ಣು ಬಿಟ್ಟು ನಾನೆಲ್ಲಿಗೆ ಹೋಗ್ಲಿ?" ಅಂದಳು.

ನಾನು ಕಣ್ಣೊರೆಸಿಕೊಂಡೆ. ವಕೀಲರೂ ಒರೆಸಿಕೊಂಡರು. ಅವಳು ಹೋದ ಮೇಲೆ ಪೆನ್ನು ತೆಗೆದರು.

ಹೆಂಚಿನವನ ಹೊಸ ಕಾರಣಪತ್ರದಲ್ಲಿ, ಹೆಸರಿಗಿಂತ ಮೊದಲು ಊಟ ಕೇಳುವ ನಾಡು ಎಂಬ ಮಾತು ಬಂತು. ಫೈಲು ಪಾಸಾಯಿತು. ಮುಂದಿನವನ ಪತ್ರದಲ್ಲೂ ಅದೇ. ಅದರ ಮುಂದಿನವನಿಗೆ ಮಳೆ, ತಲೆವಸ್ತ್ರ. ಹಡಗಿನ ಕಂಪನಿಯವನೊಬ್ಬನಿಗೆ, ತಮ್ಮ ಮನೆಗಿಂತ ಮೊದಲು ನೆರೆಯವಳ ಮನೆ ಕಟ್ಟುವ ಜನ. ಸ್ವಲ್ಪ ಹಿಂದೆ ಮುಂದೆ ಮಾಡಿ ಬರೆಯುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಹೆಸ್ಕೆತ್ ವಕೀಲರ ಪತ್ರ ವಾಪಸು ಬರುವುದಿಲ್ಲ ಎಂದು ಹೆಸರಾಯಿತು. ದುಬೈಯಿಂದ, ಸಿಂಗಪುರದಿಂದ ಏಜೆಂಟರು ಅವರನ್ನೇ ಕೇಳಿಕೊಂಡು ಬರುವಂತಾಯಿತು.

ಕೂಸಿನ ಮಾತು ಮಾತ್ರ ಮುಟ್ಟಿರಲಿಲ್ಲ. ಬಹಳ ವರ್ಷ ಮುಟ್ಟಲಿಲ್ಲ, ಅದನ್ನೂ ಹೇಳಬೇಕು. ಆಮೇಲೆ ಸಿಮೆಂಟಿನ ವ್ಯಾಪಾರಿಯೊಬ್ಬನ ಫೈಲು ಎರಡು ಸಲ ತಿರುಗಿ ಬಂತು. ಮೂರನೆಯ ಸಲ ಬಂದರೆ ಅಷ್ಟೇ. ವಕೀಲರು ಕೈಬರಹದ ಹಾಳೆಯೊಂದನ್ನು ನನ್ನ ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೋದರು. ಆ ಮನುಷ್ಯ ಎಳೆಗೂಸನ್ನು ಕರೆದುಕೊಂಡು ಹಾಯಿದೋಣಿಯಲ್ಲಿ ಇಲ್ಲಿಗೆ ವಿಹಾರಕ್ಕೆ ಬಂದಿದ್ದನಂತೆ. ಕೂಸು ತೀರಿಕೊಂಡಿತಂತೆ. ನಮ್ಮ ಗುಡ್ಡದಲ್ಲಿ ತಲೆ ಸಮುದ್ರದ ಕಡೆಗಿಟ್ಟು ಮಣ್ಣು ಮಾಡಿದರಂತೆ.

ನಾನು ಅವರ ಕೋಣೆಗೆ ಹೋದೆ. "ಈ ಆಸಾಮಿ ನಮ್ಮ ದ್ವೀಪದ ಮೇಲೆ ವಿಮಾನದಲ್ಲೂ ಹಾರಿಲ್ಲವಲ್ರೀ!"

"ಯಾರು ನೋಡ್ತಾರೆ, ಮಿಸ್ ಫೀಮಾ?"

"ಯೊಲೆತ್ ಕೂಸು ಅದು."

"ಅವಳಿಗೇನು ಕಮ್ಮಿ ಆಯ್ತು ಇದ್ರಿಂದ? ಟೈಪ್ ಮಾಡಿ."

ಮಾಡಿದೆ. ಒಂದು ಅಕ್ಷರವೂ ತಪ್ಪಿಲ್ಲದಂತೆ ಮಾಡಿದೆ, ನನ್ನ ಕೈಗೆ ಬೆಂಕಿ ಬೀಳ.

ಅಷ್ಟೂ ಕಾಲ ಯೊಲೆತ್ ತನ್ನ ಪೌರತ್ವದ ಅರ್ಜಿ ಬರೆದುಕೊಡಿ ಎಂದು ಕೇಳುತ್ತಲೇ ಇದ್ದಳು. ಅವಳಂಥವರಿಗೆ ಬೇರೆ ದಾರಿ: ಇಷ್ಟು ವರ್ಷ ಇಲ್ಲಿ ಬಾಳಿರಬೇಕು, ಬರೆದ ಅರ್ಜಿ ಬೇಕು, ಸಂದರ್ಶನ ಆಗಬೇಕು. "ಮುಂದಿನ ತಿಂಗಳು ಯೊಲೆತ್, ಖಂಡಿತ," ಅನ್ನುತ್ತಿದ್ದರು ವಕೀಲರು. ಪುಕ್ಕಟೆ ಫೈಲು ತಾನೇ. ಕೊನೆಗೆ ಅವಳು ಬೇಸತ್ತು ಚರ್ಚಿನ ಪಾದ್ರಿಗಳ ಹತ್ತಿರ ಬರೆಸಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆ ಆ ಪುಣ್ಯಾತ್ಮ ಬರೆದುಕೊಟ್ಟ. ಸಂದರ್ಶನದ ದಿನ, "ಅಕ್ಕ, ಓದಿ ಹೇಳೋದಕ್ಕೆ ಜೊತೆಗೆ ಬಾ," ಎಂದು ನನ್ನನ್ನು ಕರೆದಳು. ಹೋದೆ. ಆ ಪತ್ರದಲ್ಲಿ ಏನಿದೆ ಎಂದು ನಾನು ಕೇಳಲೇ ಇಲ್ಲ ನೋಡಿ, ಅಂಥ ದಡ್ಡಿ ನಾನು.

ಸಂದರ್ಶನಕ್ಕೆ ಕೂತಿದ್ದಾಕೆ ಮಿಸೆಸ್ ಪ್ರೊಸ್ಪೆರ್. ಮೂರು ತಿಂಗಳ ಹಿಂದಿನವರೆಗೆ ಹಣ ಕಟ್ಟುವವರ ಫೈಲುಗಳನ್ನು ನೋಡುತ್ತಿದ್ದು ಇಲ್ಲಿಗೆ ವರ್ಗವಾಗಿ ಬಂದವಳು. ಪತ್ರ ಓದುತ್ತಾ ಓದುತ್ತಾ ಅವಳ ಹುಬ್ಬು ಗಂಟಾಯಿತು. ಕನ್ನಡಕ ತೆಗೆದಳು.

"ಯಾರು ಬರ್ದುಕೊಟ್ಟಿದ್ದಮ್ಮ ಇದನ್ನ?"

"ಮಾತು ನಂದು. ಬರ್ದಿದ್ದು ಪಾದ್ರಿಗಳು."

"ಸುಳ್ಳು ಹೇಳ್ಬೇಡ. ಹೆಸರಿಗಿಂತ ಮೊದಲು ಊಟ, ತಲೆವಸ್ತ್ರ, ಮಾಡು... ಇದನ್ನ ನಾನು ಎಷ್ಟು ಫೈಲಲ್ಲಿ ಓದಿದೀನಿ ಗೊತ್ತಾ? ಏಜೆಂಟ್ರು ಮಾರೋ ಕಾಗದ ಇದು. ಎಲ್ಲಿಂದ ತಂದೆ?"

ಯೊಲೆತ್ ಬಾಯಿ ಬಿಟ್ಟು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಸತ್ತ ಕೂಸನ್ನೂ ಬಿಡ್ಲಿಲ್ವಲ್ಲ ನೀವು!" ಮಿಸೆಸ್ ಪ್ರೊಸ್ಪೆರ್ ಪತ್ರದ ಮೇಲೆ ಬೆರಳಿಟ್ಟಳು. "ಹೋದ ವರ್ಷ ಇದೇ ಸಾಲು, ತಲೆ ಸಮುದ್ರದ ಕಡೆಗೆ ಅಂತ ಓದಿ ಆ ಆಫೀಸಿನ ಮೇಜಿನ ಮೇಲೆ ತಲೆಯಿಟ್ಟು ಅತ್ತಿದೀನಿ. ಎರಡನೇ ಸಲ ಅಳಲ್ಲ. ಆ ಕೂಸಿನ ಹುಟ್ಟಿದ ದಾಖಲೆ ಇದ್ಯಾ? ಸತ್ತ ದಾಖಲೆ?"

"ಬಿರುಗಾಳಿ ವಾರ ಅಮ್ಮ... ಆಫೀಸೇ ಇರ್ಲಿಲ್ಲ..."

"ಅದನ್ನೂ ಎಲ್ರೂ ಹೇಳ್ತಾರೆ." ಪತ್ರವನ್ನು ಹಿಂದಕ್ಕೆ ತಳ್ಳಿದಳು. "ಎರಡು ವಾರ ಕೊಡ್ತೀನಿ. ನಿಜ ಬರ್ಕೊಂಡು ಬಾ. ಇನ್ನೊಂದ್ಸಲ ಸುಳ್ಳು ಕಂಡ್ರೆ ನಿನ್ನ ಫೈಲು ಕಾಯಂ ಮುಚ್ತೀನಿ."

ಆಗ ಹೇಳಬಹುದಿತ್ತು. ಒಂದೇ ಒಂದು ಮಾತು: ಅಮ್ಮ, ಮೊದಲನೆಯದು ಸುಳ್ಳು, ಇದು ನಿಜ, ಟೈಪ್ ಮಾಡಿದವಳು ನಾನೇ. ನಾಚಿಕೆಗೆಟ್ಟವಳು ನಾನು, ಯೊಲೆತ್‌ಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಅವಳದು ಒಂದೇ ಪ್ರಶ್ನೆ. "ಅಕ್ಕ, ನನ್ನಂಗೇ ಇನ್ಯಾರಿಗೋ ಆಗಿರ್ಬೇಕು ಅಲ್ವಾ? ಪಾಪ, ಅವರ ಕೂಸೂ ಅದೇ ಗುಡ್ಡದಲ್ಲೇ ಇರ್ಬೇಕು."

ವಕೀಲರಿಗೆ ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. ಕಿಟಕಿಗೆ ಹೋಗಿ ಬಂದರಿನ ಕಡೆ ಮುಖ ಮಾಡಿದರು.

"ಹೋಗಿ ಹೇಳ್ಬಿಡಿ," ಅಂದೆ. "ಆ ಮಾತು ಇವಳದು, ನಾನು ಎತ್ತಿಕೊಂಡೆ ಅಂತ. ಆಕೆಯೂ ಹೆಂಗಸು, ತಿಳ್ಕೋತಾಳೆ."

"ಸಿಮೆಂಟಿನವನ ಪೌರತ್ವ ಹೋಗುತ್ತೆ. ನನ್ನ ಲೈಸೆನ್ಸ್ ಹೋಗುತ್ತೆ. ಪೊಲೀಸ್ ಬಂದ್ರೂ ಬಂದ್ರು." ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. "ಬರೆದವನು ನಾನು. ಟೈಪ್ ಮಾಡಿದ್ದು ಯಾರು ಅಂತಾನೂ ಕೇಳ್ತಾರೆ, ಮಿಸ್ ಫೀಮಾ."

ನನಗೆ ಪಿಂಚಣಿಗೆ ಇನ್ನು ಎರಡು ವರ್ಷವಿತ್ತು. ನನ್ನ ಬಾಯಿ ಅಲ್ಲಿಗೇ ಕಟ್ಟಿತು. ಅವರು ನನ್ನನ್ನು ಹೆದರಿಸಿದರು ಎಂದು ನಾನು ಇಷ್ಟು ದಿನ ನನಗೇ ಹೇಳಿಕೊಂಡಿದ್ದೇನೆ. ಅವರು ಹೆದರಿಸಲಿಲ್ಲ. ಅವರಿಗೂ ಜೊತೆ ಬೇಕಿತ್ತು, ನಾನು ಕೊಟ್ಟೆ.

ಆಗಲೇ ಬಾಗಿಲು ತಟ್ಟಿದ ಸದ್ದು. ಯೊಲೆತ್. ಅತ್ತು ಮುಖ ಊದಿಕೊಂಡಿತ್ತು, ಆದರೂ ಏನೋ ನಿರ್ಧಾರ ಮಾಡಿಕೊಂಡು ಬಂದಿದ್ದಳು.

"ವಕೀಲಪ್ಪ, ನಿಜ ನಡೆಯಲ್ವಂತೆ. ನನ್ನ ನಿಜ ಇನ್ಯಾರದೋ ಥರ ಇದೆಯಂತೆ. ಬೇರೆಯವರಿಗೆಲ್ಲ ಚೆನ್ನಾಗಿರೋ ಪತ್ರ ಬರ್ಕೊಡ್ತೀಯಂತಲ್ಲ, ಕೆಳಗಡೆ ಟ್ಯಾಕ್ಸಿಯವರೆಲ್ಲ ಹೇಳ್ತಾರೆ. ನಂಗೂ ಒಂದು ಬರ್ಕೊಡು, ಸುಳ್ಳಾದ್ರೂ ಸರಿ. ನೈಕಾ ಹತ್ರ ಹೋದ್ರೆ ಸಾಕು ನಂಗೆ."

ಅವರು ಈಗ ನಿಜ ಹೇಳುತ್ತಾರೆ ಅಂದುಕೊಂಡೆ. ಅವರ ತುಟಿ ಅಲುಗಿತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಹಾಳೆ ತೆಗೆದರು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಇಲ್ಲಿ ದುಡಿಮೆಗೆ ಅವಕಾಶವಿದೆ, ಕಾನೂನು ಚೆನ್ನಾಗಿದೆ, ಸ್ವಂತ ವ್ಯಾಪಾರ ಬೆಳೆಸುವ ಆಸೆಯಿದೆ. ಮಳೆಯಿಲ್ಲ, ತಲೆವಸ್ತ್ರವಿಲ್ಲ, ಗುಡ್ಡವಿಲ್ಲ. ಫಾರಮ್ಮಿನಲ್ಲಿ ಎಷ್ಟು ಜನ ಮಕ್ಕಳು ಎಂಬ ಕಡೆ, ಎರಡು ಎಂದು ಪಾದ್ರಿಗಳು ಬರೆದಿದ್ದನ್ನು ಬಿಟ್ಟು, ಹೊಸ ಫಾರಮ್ಮಿನಲ್ಲಿ ಒಂದು ಎಂದು ತುಂಬಿದರು. ದಾಖಲೆಯಿಲ್ಲದ ಕೂಸನ್ನು ಬರೆದರೆ ಮತ್ತೆ ಸಿಕ್ಕಿಹಾಕಿಕೊಳ್ಳುತ್ತೀಯ ಎಂದರು. ಯೊಲೆತ್ ತಲೆಯಾಡಿಸಿದಳು. ಟೈಪ್ ಮಾಡಿದ್ದು ನಾನೇ.

ಎರಡನೆಯ ಸಂದರ್ಶನಕ್ಕೆ ವಕೀಲರೇ ಕೋಟು ಹಾಕಿಕೊಂಡು ಬಂದರು. ಯೊಲೆತ್ ಚರ್ಚಿಗೆ ಹಾಕುವ ಬಿಳಿ ಉಡುಪು ತೊಟ್ಟಿದ್ದಳು. ಮಿಸೆಸ್ ಪ್ರೊಸ್ಪೆರ್ ಪತ್ರ ಓದಿ, "ನೋಡು, ಇದು ನಿಜದ ಥರ ಇದೆ," ಅಂದಳು. ಆಮೇಲೆ ಬೈಬಲ್ ಮುಂದಿಟ್ಟಳು. ಕೈಯಿಟ್ಟು, ಬರೆದಿರುವುದೆಲ್ಲ ಸತ್ಯ ಎಂದು ಪ್ರಮಾಣ ಮಾಡಬೇಕು. ಒಂದೊಂದೇ ಸಾಲು ಓದುತ್ತಾ ಬಂದಳು.

"ಮಕ್ಕಳು, ಒಂದು. ಹೌದಾ?"

ಯೊಲೆತ್ ಬೈಬಲ್ಲಿನ ಮೇಲಿದ್ದ ಕೈ ನೋಡಿಕೊಂಡಳು. ವಕೀಲರ ಕಡೆ ತಿರುಗಿದಳು. ಅವರು ಮೆಲ್ಲನೆ ತಲೆಯಾಡಿಸಿದರು.

"ಗಟ್ಟಿಯಾಗಿ ಹೇಳಮ್ಮ. ಎಷ್ಟು ಹೆತ್ತೆ?"

"ಒಂದು," ಅಂದಳು ಯೊಲೆತ್. "ಒಂದೇ."

ಮುದ್ರೆ ಬಿತ್ತು. ತಿಂಗಳೊಳಗೆ ಪಾಸ್‌ಪೋರ್ಟಿಗೆ ಬಾ ಎಂದರು.

ಹೊರಗೆ ಜಗಲಿಗೆ ಬಂದ ಮೇಲೆ ಅವಳು ತನ್ನ ಕೈಚೀಲವನ್ನು ನನಗೆ ಕೊಟ್ಟು, ಹೆಸ್ಕೆತ್ ವಕೀಲರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು. "ದೇವರ ಮುಂದೆ ನಂಗೋಸ್ಕರ ಸುಳ್ಳು ಬರೆದೆಯಲ್ಲ ವಕೀಲಪ್ಪ. ನೀನು ಒಳ್ಳೆಯವನು, ನಿಂಗೆ ರೂಢಿ ಇಲ್ಲ. ಆ ಪಾಪ ನಿಂಗೆ ಬೇಡ, ನನ್ನ ತಲೆ ಮೇಲೇ ಇರ್ಲಿ," ಅಂದಳು. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳ ಚೀಲ ಹಿಡಿದುಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ.