ಮೇಡಂ ಕೇಳಿದ ಒಂದು ವರ್ಷ

ನಮ್ಮ ಗಣಿತದ ಮೇಡಂ ಅವರ ಸೀರೆಯ ನೆರಿಗೆಯಲ್ಲಿ ಸದಾ ಒಂದಿಷ್ಟು ಭತ್ತದ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ಅವರ ಊರು ಸಿರುಗುಪ್ಪ, ಅಣ್ಣನದು ರೈಸ್ ಮಿಲ್ಲು. ಬೆಳಗಿನ ಬಸ್ಸಿಗೆ ಬಳ್ಳಾರಿಯ ನಮ್ಮ ಕಾಲೇಜಿಗೆ ಬರುತ್ತಿದ್ದರು. ಹುಡುಗರು ಮುಸಿಮುಸಿ ನಕ್ಕರೂ ಅವರು ಕೊಡವಿಕೊಳ್ಳುತ್ತಿರಲಿಲ್ಲ.

ಅವರ ತಲೆ ತುಂಬ ಇದ್ದದ್ದು ಸಮುದ್ರ. ಕಡಲಿನಲ್ಲಿ ಚೆಲ್ಲಿದ ಎಣ್ಣೆ, ಎಸೆದ ಪ್ಲಾಸ್ಟಿಕ್ಕು ಪ್ರವಾಹದ ಜೊತೆ ಎಲ್ಲಿಗೆ ಹೋಗಿ ಸೇರುತ್ತವೆ ಎಂದು ಗಣಿತದಿಂದ ಹುಡುಕುತ್ತಿದ್ದರು. ಬಯಲುಸೀಮೆಯ ಕುರುಗೋಡಿನವಳಾದ ನನಗೆ ಅದು ತಲೆಗೇ ಹೋಗಲಿಲ್ಲ. ಒಂದು ಭಾನುವಾರ ತುಂಗಭದ್ರೆಯ ದಂಡೆಗೆ ಕರೆದೊಯ್ದು, ಎರಡು ಹಿಡಿ ಹೊಟ್ಟನ್ನು ಪಕ್ಕಪಕ್ಕದಲ್ಲೇ ನೀರಿಗೆ ಬಿಟ್ಟರು. ಒಂದು ದಂಡೆಯ ಸುಳಿಯಲ್ಲಿ ಗಿರಗಿರ ತಿರುಗುತ್ತ ಉಳಿಯಿತು; ಇನ್ನೊಂದು ನಡುಹೊಳೆ ಹಿಡಿದು ಹೊರಟೇ ಹೋಯಿತು.

“ಒಂದನ್ನ ನೋಡಿದ್ರ ಏನೂ ತಿಳಿಯಂಗಿಲ್ಲ, ಜೋಡಿ ನೋಡಬೇಕು. ಎಲ್ಲಿ ಅಗಲ್ತಾವೋ ಅಲ್ಲೊಂದು ಗೆರಿ ಐತಿ. ಕಣ್ಣಿಗೆ ಕಾಣಂಗಿಲ್ಲ, ಆದ್ರ ನೀರೂ ಅದನ್ನ ದಾಟಂಗಿಲ್ಲ. ಆ ಗೆರೀನೂ ಸುಮ್ಮನ ನಿಂದ್ರಂಗಿಲ್ಲ. ಅದನ್ನ ಹಿಡಿಯೂದು ನನ್ನ ಕೆಲಸ,” ಎಂದರು.

ಆದರೆ ಸಮುದ್ರವನ್ನು ಅವರು ಕಂಡಿರಲೇ ಇಲ್ಲ. ಲೆಕ್ಕವೆಲ್ಲ ಬೇರೆಯವರು ಅಳೆದು ಕೊಟ್ಟ ಪ್ರವಾಹಗಳದ್ದು. ಕರಾವಳಿಯ ಸಂಶೋಧನಾ ಕೇಂದ್ರವೊಂದು, ಒಂದು ವರ್ಷ ಬಂದು ಕೆಲಸ ಮಾಡಿ, ಹಡಗಿನಲ್ಲಿ ಹೋಗಿ ನಿಮ್ಮ ಗೆರೆ ನಿಜವೋ ಎಂದು ನೀವೇ ನೋಡಿ ಎಂದು ಕರೆಯಿತು. ರಜೆ ಕೇಳಲು ಕಾಲೇಜಿನ ಕಾರ್ಯದರ್ಶಿಗಳ ಕೋಣೆಗೆ ಹೋದಾಗ ನಾನೂ ಜೊತೆಗಿದ್ದೆ.

“ಬಳ್ಳಾರಿಯಾಗ ಧೂಳ ಐತಿ, ಸಮುದ್ರ ಎಲ್ಲೈತ್ರಿ ಮೇಡಂ? ಪಿಯುಸಿ ರಿಸಲ್ಟ್ ನೋಡ್ಕೊಳ್ರಿ. ಮುಂದಿನ ವರ್ಷ ನೋಡೂಣಂತ,” ಎಂದರು ಅವರು.

ಮುಂದಿನ ವರ್ಷವೂ ಅದೇ ಮಾತು. ಆಮೇಲೆ ಕೇಂದ್ರದವರು ಬೇರೆ ಯಾರನ್ನೋ ಕರೆದುಕೊಂಡರು. ಕೆಲಸ ಬಿಟ್ಟಾದರೂ ಹೋಗಬೇಕಿತ್ತು ಎಂದು ನಾನು ರೇಗಿದರೆ, ಮೇಡಂ ಬೋರ್ಡು ಒರೆಸುತ್ತ, “ತಿರುಗಿ ಬಂದ್ರ ಈ ವಯಸ್ಸಿನಾಗ ಯಾರು ಕೆಲಸ ಕೊಡ್ತಾರ ಹುಡುಗಿ?” ಎಂದರು. ಆಮೇಲೆ ಅವರು ಆ ಮಾತೇ ಎತ್ತಲಿಲ್ಲ.

ಈಗ ನಾನು ಅದೇ ವಿದ್ಯೆಯಲ್ಲಿ ಅನ್ನ ಉಣ್ಣುತ್ತಿದ್ದೇನೆ. ಮೊದಲ ಸಲ ಹಡಗು ಹತ್ತಿದಾಗ ಸಂತೋಷವಾಗಲಿಲ್ಲ; ಅಲ್ಲಿ ನಿಲ್ಲಬೇಕಿದ್ದವರು ಮೇಡಂ.

ಹೋದ ವರ್ಷ ಮೇಡಂ ತೀರಿಕೊಂಡರು. ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ. ಅದೇ ಕಾರ್ಯದರ್ಶಿಗಳು ಮೈಕು ಹಿಡಿದು, “ಮೇಡಂ ಅಂದ್ರ ವಿದ್ಯಾದ ಸಮುದ್ರ,” ಎಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ಒಂದ್ ವರ್ಷ ರಜಾ ಕೇಳಿದ್ರು ಸಾರ್. ನೀವು ಕೊಡ್ಲಿಲ್ಲ,” ಎಂದೆ.

ಅವರಿಗೆ ಸಿಟ್ಟೇನೂ ಬರಲಿಲ್ಲ.

“ಆ ವರ್ಷ ಗಣಿತದಾಗ ನೂರಕ್ಕ ನೂರು ರಿಸಲ್ಟ್ ಬಂತಲ್ಲಮ್ಮಾ!” ಎಂದರು.

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು.