ಗಾಡಿಗೆ ಹೆದರದ ಹಕ್ಕಿ

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳುವುದು? ನನ್ನ ಮಾವನವರು ಅರಮನೆಯ ದನಗಳ ಹುಲ್ಲುಗಾವಲಿಗೆ ಕಾವಲುಗಾರರು. ಐ.ಡಿ.ಹಳ್ಳಿಯ ಆಚೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಆಗಿನ್ನೂ ಮಹಾರಾಜರ ಕಾಲ. ಅಲ್ಲಿಗೆ ಬಂದೂಕು ತರಕೂಡದು ಅಂತ ಅಪ್ಪಣೆಯಿತ್ತು.

ಆ ಹುಲ್ಲಿನಲ್ಲಿ ಎರೆಭೂತ ಅನ್ನುವ ಹಕ್ಕಿ ಇತ್ತು. ಆಳಿನ ಸೊಂಟದೆತ್ತರ, ಉದ್ದ ಕತ್ತು. ಇಡುವುದು ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಮೊಟ್ಟೆ ಕಂಡರೆ ಸುತ್ತಲಿನ ಹುಲ್ಲು ಕೊಯ್ಯದೆ ಬಿಡುವುದು ನಮ್ಮೂರಿನ ಪದ್ಧತಿ. ಎಲ್ಲಿದೆ ಅಂತ ಪರಊರಿನವರ ಮುಂದೆ ಬಾಯಿ ಬಿಡುವಂತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನೆಲ್ಲ ಹೇಳಿಕೊಟ್ಟವರು ಮಾವನವರೇ. "ಬಾಣಂತಿ ಇದ್ದಂಗೆ ಕಣಮ್ಮ, ಅದರ ತಂಟೆಗೆ ಹೋಗ್ಬಾರ್ದು" ಅಂದಿದ್ದರು. ದೇವರಂಥ ಮನುಷ್ಯ ಅಂದುಕೊಂಡೆ, ನನ್ನ ಕರ್ಮ!

ನಡೆದು ಹೋದರೆ ಹಕ್ಕಿ ದೂರದಿಂದಲೇ ಓಡಿಬಿಡುತ್ತಿತ್ತು. ಎತ್ತಿನಗಾಡಿಗೆ ಮಾತ್ರ ಹೆದರುತ್ತಿರಲಿಲ್ಲ. ನಾನೂ ಮಾವನವರೂ ದಿನಾ ಹಸಿಹುಲ್ಲಿಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ನನ್ನ ತವರು ಪಾವಗಡದ ಕಡೆ. ಎತ್ತುಗಳಿಗೆ ತೆಲುಗಿನಲ್ಲಿ ಏನಾದರೂ ವಟಗುಟ್ಟುತ್ತಲೇ ಇರುತ್ತಿದ್ದೆ. ಆ ವರ್ಷ ಮೊಟ್ಟೆಗೆ ಕೂತಿದ್ದ ತಾಯಿಹಕ್ಕಿ ನನ್ನ ದನಿ ಕೇಳಿ ಕತ್ತೆತ್ತುವುದು, ನೋಡುವುದು, ಮತ್ತೆ ನೆಮ್ಮದಿಯಾಗಿ ಕೂರುವುದು. ಆ ಊರಿನ ಹೆಂಗಸರಿಗಿಂತ ಮೊದಲು ನನ್ನನ್ನು ಒಪ್ಪಿಕೊಂಡಿದ್ದು ಅದೇ.

ಒಂದು ಬೆಳಗ್ಗೆ ಮಧುಗಿರಿಯಿಂದ ಯಾರೋ ದೊಡ್ಡ ಮನುಷ್ಯರು ಬಂದರು. ಮಾವನವರು ಗಾಡಿಯಲ್ಲಿ ಹುಲ್ಲು ಹಾಸಿ ಅವರನ್ನು ಮಲಗಿಸಿ ಕಂಬಳಿ ಹೊದಿಸಿದರು. "ಹಕ್ಕಿ ನೋಡ್ಬೇಕಂತೆ. ನೀನು ಮುಂದೆ ಕೂತ್ಕಂಡು ದಿನಾ ಮಾತಾಡ್ದಂಗೇ ಮಾತಾಡ್ತಾ ಬಾ" ಅಂದರು. ನಮ್ಮ ಹಕ್ಕಿಯನ್ನು ನೋಡಲು ಅಷ್ಟು ದೂರದಿಂದ ಬಂದಿದ್ದಾರಲ್ಲ ಅಂತ ನನಗೂ ಜಂಬ.

ತಾಯಿಹಕ್ಕಿ ಕತ್ತೆತ್ತಿತು, ನಮ್ಮನ್ನು ನೋಡಿತು, ಕೂತಿತು. ನನ್ನ ಕಿವಿಯ ಪಕ್ಕದಲ್ಲೇ ಬಂದೂಕು ಹಾರಿತು.

ಗಾಡಿಯಿಂದ ಧುಮುಕಿ ಬಾಯಿ ಬಾಯಿ ಬಡಿದುಕೊಂಡೆ. ಮಾವನವರು ಇತ್ತ ತಿರುಗಿಯೂ ನೋಡಲಿಲ್ಲ. ಹಕ್ಕಿಯನ್ನು ಕಾಲು ಹಿಡಿದು ಎತ್ತಿ ಆ ಮನುಷ್ಯನಿಗೆ ತೋರಿಸುತ್ತಿದ್ದರು. ಮೊಟ್ಟೆ ಬಿಸಿಲಿನಲ್ಲಿ ಬಿದ್ದಿತ್ತು.

ಸಂಜೆ ಅದರದೇ ಒಂದು ತೊಡೆ ತಂದು ಸಾರು ಮಾಡು ಅಂದರು. ನಾನು ಒಲೆ ಹೊತ್ತಿಸಲಿಲ್ಲ. "ಇದನ್ನ ತಿಂದ್ರೆ ದಕ್ಕುತ್ತಾ ಮಾವ?" ಅಂದೆ. ಆ ಮನೆ ಹೊಸಿಲು ತುಳಿದ ಮೇಲೆ ಅವರಿಗೆ ಎದುರಾಡಿದ್ದು ಅದೇ ಮೊದಲು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಕ್ಕರು.

"ಅಯ್ಯೋ, ಯಾಕಮ್ಮ ಮಖ ಊದಿಸ್ಕಂಡಿದ್ದೀಯ? ದೊಡ್ಡೋರು ನಿನ್ನನ್ನೇ ಹೊಗಳ್ಕಂಡು ಹೋದ್ರು. ನೀನು ಬರ್ದೆ ಇದ್ದಿದ್ರೆ ಅದು ಎದ್ದು ಓಡ್ಬುಡ್ತಿತ್ತು ಕಣಮ್ಮ."